ಕಾವುಯಂತ್ರದ ಕೊನೆಯ ಮೂರು ದಿನಗಳು: 18ರಿಂದ 21ನೇ ದಿನದವರೆಗೆ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಸಂವಿಧಾನದ 11ನೇ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದ್ದು, ಅವುಗಳಲ್ಲಿ ನಾಲ್ಕನೆಯದು ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆ. ರಸ್ತೆ, ಚರಂಡಿ, ಕುಡಿಯುವ ನೀರಿನ ಕಡತಗಳ ನಡುವೆ ಈ ನಾಲ್ಕನೆಯ ವಿಷಯವು ನಮ್ಮ ಸಭೆಗಳ ಕಾರ್ಯಸೂಚಿಗೆ ಬರುವುದು ಅಪರೂಪ. ಬಂದಾಗಲೂ ಬಹುಮಟ್ಟಿಗೆ ದೂರಿನ ರೂಪದಲ್ಲಿಯೇ ಬರುತ್ತದೆ: ‘ಸಂಘಕ್ಕೆ ಕೊಡಿಸಿದ ಮರಿ ಮಾಡುವ ಯಂತ್ರ ಕೆಲಸ ಮಾಡುತ್ತಿಲ್ಲ. ನೂರು ಮೊಟ್ಟೆ ಇಟ್ಟರೆ ಮೂವತ್ತು ಮರಿಯೂ ಬರಲಿಲ್ಲ.’

ಇಂತಹ ದೂರು ಬಂದಾಗ ಸಭೆಯು ಎರಡರಲ್ಲೊಂದು ತೀರ್ಮಾನಕ್ಕೆ ಬರುವುದು ರೂಢಿಯಾಗಿದೆ. ಯಂತ್ರ ಕಳಪೆ ಎನ್ನುವುದು ಒಂದು, ಸಂಘದ ಮಹಿಳೆಯರಿಗೆ ಆಸಕ್ತಿ ಇಲ್ಲ ಎನ್ನುವುದು ಇನ್ನೊಂದು. ಮೊದಲನೆಯದರಿಂದ ಯಂತ್ರವು ಸಮುದಾಯ ಭವನದ ಮೂಲೆ ಸೇರುತ್ತದೆ. ಎರಡನೆಯದರಿಂದ, ಸಾಲದ ಕಂತು ಕಟ್ಟುತ್ತಿರುವ ಹತ್ತು ಹದಿನೈದು ಮನೆಗಳ ಹೆಸರು ಕೆಡುತ್ತದೆ. ಮುಂದಿನ ಸಾಲಕ್ಕೂ ಅದು ಅಡ್ಡಿಯಾಗುತ್ತದೆ. ಆದುದರಿಂದ ಯಾವ ತೀರ್ಮಾನಕ್ಕೂ ಮೊದಲು ತಿಳಿದಿರಬೇಕಾದ ಸಂಗತಿಯೊಂದಿದೆ. ಕೋಳಿಮೊಟ್ಟೆಯ 21 ದಿನಗಳ ಕಾವಿನಲ್ಲಿ ಭ್ರೂಣಗಳ ಸಾವು ಎಲ್ಲ ದಿನಗಳಿಗೂ ಸಮನಾಗಿ ಹಂಚಿಕೆಯಾಗಿರುವುದಿಲ್ಲ. ಮೊದಲ ಕೆಲವು ದಿನಗಳಲ್ಲಿ ಒಮ್ಮೆ, 18ನೇ ದಿನ ಕಳೆದ ಮೇಲೆ ಮತ್ತೊಮ್ಮೆ ಸಾವು ಏರುತ್ತದೆ. ನಡುವಿನ ದಿನಗಳಲ್ಲಿ ಅದು ವಿರಳ. 18ನೇ ದಿನದ ದೀಪದ ಪರೀಕ್ಷೆಯಲ್ಲಿ ಜೀವಂತವಾಗಿದ್ದ ಮೊಟ್ಟೆ ಮರಿಯಾಗದೆ ಉಳಿಯಿತೆಂದರೆ, ಕಾರಣವನ್ನು ಬಹುಪಾಲು ಕೊನೆಯ ಮೂರು ದಿನಗಳಲ್ಲಿ ಅಥವಾ ಆ ಮೂರು ದಿನಗಳಿಗೆ ಮಾಡಿಕೊಂಡ ಸಿದ್ಧತೆಯಲ್ಲಿ ಹುಡುಕಬೇಕು. ಈ ಲೇಖನವು ಅಷ್ಟಕ್ಕೆ ಸೀಮಿತವಾಗಿದೆ.

ಚಿಪ್ಪಿನೊಳಗೆ ನಡೆಯುವ ಕೆಲಸ

18ನೇ ದಿನದ ಹೊತ್ತಿಗೆ ಮರಿಯ ದೇಹ ಪೂರ್ಣವಾಗಿ ರೂಪುಗೊಂಡಿರುತ್ತದೆ. ಗಾಳಿಕೋಶವೊಂದನ್ನು ಬಿಟ್ಟರೆ ಮೊಟ್ಟೆಯ ಒಳಭಾಗವೆಲ್ಲ ಅದರಿಂದಲೇ ತುಂಬಿರುತ್ತದೆ. ಗಾಳಿಕೋಶವೆಂದರೆ ಮೊಟ್ಟೆಯ ದಪ್ಪ ತುದಿಯಲ್ಲಿ, ಎರಡು ಪೊರೆಗಳ ನಡುವೆ ಇರುವ ಬರಿದಾದ ಜಾಗ. ಸರಿಯಾದ ಸ್ಥಿತಿಯಲ್ಲಿರುವ ಮರಿಯು ತಲೆಯನ್ನು ಬಲರೆಕ್ಕೆಯ ಕೆಳಗೆ ಇಟ್ಟು, ಕೊಕ್ಕನ್ನು ಆ ಗಾಳಿಕೋಶದ ಕಡೆಗೆ ತಿರುಗಿಸಿಕೊಂಡಿರುತ್ತದೆ. ಅಲ್ಲಿಯವರೆಗೆ ಅದಕ್ಕೆ ಶ್ವಾಸಕೋಶದ ಉಸಿರಾಟವಿಲ್ಲ. ಚಿಪ್ಪಿನ ಒಳಗೋಡೆಗೆ ಅಂಟಿಕೊಂಡ ರಕ್ತನಾಳಗಳ ಜಾಲವೇ ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಆಮ್ಲಜನಕವನ್ನು ಎಳೆದುಕೊಳ್ಳುತ್ತಿರುತ್ತದೆ.

19ನೇ ದಿನದ ಸುಮಾರಿಗೆ ಈ ವ್ಯವಸ್ಥೆ ಮರಿಯ ಅಗತ್ಯಕ್ಕೆ ಸಾಲದಾಗುತ್ತದೆ. ಒಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಆ ಒತ್ತಡದಲ್ಲಿ ಮರಿಯ ಕತ್ತಿನ ಹಿಂಬದಿಯ ಸ್ನಾಯು ಸೆಳೆಯತೊಡಗಿ, ಕೊಕ್ಕು ಒಳಪೊರೆಯನ್ನು ಚುಚ್ಚಿ ಗಾಳಿಕೋಶದೊಳಕ್ಕೆ ಬರುತ್ತದೆ. ಇದನ್ನು ಒಳಕುಟುಕು ಎಂದು ಕರೆಯೋಣ. ಮರಿ ಮೊದಲ ಬಾರಿಗೆ ಶ್ವಾಸಕೋಶದಿಂದ ಉಸಿರಾಡುವುದು ಆಗಲೇ. ಕಿವಿಯಿಟ್ಟು ಆಲಿಸಿದರೆ ಚಿಪ್ಪಿನೊಳಗಿಂದ ಸಣ್ಣ ಧ್ವನಿಯೂ ಕೇಳುತ್ತದೆ. ಆದರೆ ಗಾಳಿಕೋಶದಲ್ಲಿ ಇರುವ ಗಾಳಿ ಕೆಲವು ಗಂಟೆಗಳಿಗೆ ಮಾತ್ರ ಸಾಕಾಗುತ್ತದೆ. ಮತ್ತೆ ಉಸಿರು ಕಟ್ಟುತ್ತದೆ, ಮತ್ತೆ ಸ್ನಾಯು ಸೆಳೆಯುತ್ತದೆ. ಕೊಕ್ಕಿನ ತುದಿಯಲ್ಲಿ ಇದೇ ಕೆಲಸಕ್ಕೆಂದು ಬೆಳೆದ ಗಟ್ಟಿಯಾದ ಮೊಳೆಯಂತಹ ಭಾಗವೊಂದಿರುತ್ತದೆ. ಮರಿ ಹೊರಬಂದ ಕೆಲವು ದಿನಗಳಲ್ಲಿ ಅದು ತಾನಾಗಿ ಉದುರಿಹೋಗುತ್ತದೆ. ಅದರಿಂದ ಚಿಪ್ಪಿನಲ್ಲಿ ನಕ್ಷತ್ರಾಕಾರದ ಬಿರುಕು ಮೂಡುತ್ತದೆ. ಇದು ಹೊರಕುಟುಕು, ಸಾಮಾನ್ಯವಾಗಿ 20ನೇ ದಿನದ ಕೆಲಸ.

ಹೊರಕುಟುಕಿನ ನಂತರ ನೋಡುವವರ ತಾಳ್ಮೆ ಪರೀಕ್ಷೆಗೆ ಒಳಗಾಗುತ್ತದೆ. 12 ಗಂಟೆ, ಕೆಲವೊಮ್ಮೆ 24 ಗಂಟೆಗಳವರೆಗೆ ಮರಿ ಏನನ್ನೂ ಮಾಡದಂತೆ ಕಾಣುತ್ತದೆ. ‘ಪಾಪ, ಸಿಕ್ಕಿಹಾಕಿಕೊಂಡಿದೆ, ಸ್ವಲ್ಪ ಬಿಡಿಸೋಣ’ ಎಂದು ಯಾರಿಗಾದರೂ ಅನಿಸುವುದು ಸಹಜ. ವಾಸ್ತವವಾಗಿ ಆ ಹೊತ್ತಿನಲ್ಲಿ ಎರಡು ಮುಖ್ಯ ಕೆಲಸಗಳು ನಡೆಯುತ್ತಿರುತ್ತವೆ. ಚಿಪ್ಪಿನ ಗೋಡೆಯ ರಕ್ತನಾಳಗಳಲ್ಲಿರುವ ರಕ್ತ ಮರಿಯ ದೇಹಕ್ಕೆ ಹಿಂದಿರುಗುತ್ತಿರುತ್ತದೆ, ಉಳಿದ ಹಳದಿ ಲೋಳೆ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರಿಕೊಳ್ಳುತ್ತಿರುತ್ತದೆ. ಈ ಹಂತದಲ್ಲಿ ಚಿಪ್ಪು ಬಿಡಿಸಿದರೆ ರಕ್ತ ಸುರಿಯುತ್ತದೆ, ಹೊಕ್ಕುಳು ಮುಚ್ಚದೆ ಉಳಿಯುತ್ತದೆ. ಅಂತಹ ಮರಿ ಬದುಕಿದರೂ ಹೊಕ್ಕುಳಿನ ಸೋಂಕಿಗೆ ತುತ್ತಾಗುವ ಸಂಭವ ಹೆಚ್ಚು. ಈ ಕೆಲಸ ಮುಗಿದ ಮೇಲೆ ಮರಿ ತಾನೇ ನಿಧಾನವಾಗಿ ತಿರುಗುತ್ತ, ದಪ್ಪ ತುದಿಯ ಸುತ್ತ ಚಿಪ್ಪನ್ನು ಡಬ್ಬಿಯ ಮುಚ್ಚಳದಂತೆ ಕತ್ತರಿಸಿ, ಕಾಲಿನಿಂದ ಒದ್ದು ಹೊರಬರುತ್ತದೆ.

ಹೊಟ್ಟೆಯೊಳಗೆ ಸೇರಿದ ಆ ಹಳದಿ ಲೋಳೆಯು ಮರಿಗೆ ಎರಡರಿಂದ ಮೂರು ದಿನಗಳ ಬುತ್ತಿ. ಒಂದು ದಿನದ ಮರಿಗಳನ್ನು ರಂಧ್ರಗಳಿರುವ ಪೆಟ್ಟಿಗೆಗಳಲ್ಲಿ ತುಂಬಿ ದೂರದ ಊರುಗಳಿಗೆ ಸಾಗಿಸಲು ಸಾಧ್ಯವಾಗಿರುವುದು ಇದರಿಂದಲೇ. ಮೊದಲು ಹುಟ್ಟಿದ ಮರಿ ಹಸಿದಿರಬಹುದು ಎಂಬ ಮರುಕದಿಂದ ಯಂತ್ರದ ಮುಚ್ಚಳ ತೆರೆಯುವ ಅಗತ್ಯವಿಲ್ಲ ಎನ್ನುವುದಕ್ಕೂ ಇದೇ ಆಧಾರ.

ದಿನದ ಎಣಿಕೆ ಮತ್ತು ತಕ್ಕಡಿ

ಮೊದಲನೆಯದಾಗಿ, ದಿನದ ಎಣಿಕೆ. ಮೊಟ್ಟೆ ಇಟ್ಟ ದಿನವನ್ನು ಸೊನ್ನೆ ಎಂದು ಬರೆಯಬೇಕು. 24 ಗಂಟೆ ಕಳೆದ ಮೇಲೆ ಒಂದನೇ ದಿನ. ಇಟ್ಟ ದಿನವನ್ನೇ ಒಂದು ಎಂದು ಎಣಿಸುವ ಸಂಘಗಳಲ್ಲಿ ಎಲ್ಲ ಕೆಲಸವೂ ಒಂದು ದಿನ ಮುಂಚಿತವಾಗಿ ನಡೆದು, 21ನೇ ದಿನ ಮರಿ ಬರಲಿಲ್ಲವೆಂದು ಗಾಬರಿಯಾಗುತ್ತದೆ. ಮೂರು ವಾರವೆಂದರೆ 21 ದಿನ, ಆದ್ದರಿಂದ ಲೆಕ್ಕ ಸುಲಭ: ಗುರುವಾರ ಸಂಜೆ ಇಟ್ಟ ಮೊಟ್ಟೆ ಗುರುವಾರ ಸಂಜೆಯ ಹೊತ್ತಿಗೆ ಮರಿಯಾಗಬೇಕು. ಊರಿನ ಸಂತೆಯ ದಿನ ಮನೆಯಲ್ಲಿ ಯಾರೂ ಇರುವುದಿಲ್ಲವಾದರೆ ಆ ವಾರದ ದಿನವನ್ನು ತಪ್ಪಿಸಿ ಮೊಟ್ಟೆ ಇಡುವಂತೆ ಸಂಘಕ್ಕೆ ತಿಳಿಸಬಹುದು.

ಎರಡನೆಯದು ತೂಕ. ಸುಸ್ಥಿತಿಯಲ್ಲಿ ಸಾಗಿದ ಮೊಟ್ಟೆಯು 18ನೇ ದಿನದ ವೇಳೆಗೆ ತನ್ನ ಮೊದಲ ತೂಕದ ಶೇ 11ರಿಂದ 13ರಷ್ಟನ್ನು ಕಳೆದುಕೊಂಡಿರಬೇಕು. ಕಳೆದುಹೋಗುವುದು ಚಿಪ್ಪಿನ ರಂಧ್ರಗಳ ಮೂಲಕ ಆವಿಯಾಗುವ ನೀರು. ಆ ನೀರು ಹೋದ ಜಾಗದಲ್ಲಿಯೇ ಗಾಳಿಕೋಶ ದೊಡ್ಡದಾಗುವುದು. 45 ಗ್ರಾಂ ತೂಗುವ ನಾಟಿ ಮೊಟ್ಟೆ ಸುಮಾರು 39.5 ಗ್ರಾಂಗೆ ಇಳಿದಿರಬೇಕು. ಒಂದೊಂದನ್ನೇ ತೂಗುವುದು ಬೇಡ. ಮೂವತ್ತು ಮೊಟ್ಟೆಗಳ ಟ್ರೇಯನ್ನು ಇಟ್ಟ ದಿನ ಒಮ್ಮೆ, 7, 14 ಮತ್ತು 18ನೇ ದಿನ ಒಮ್ಮೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಟ್ರೇಯ ತೂಕ ಕಳೆದು ಬರೆದಿಟ್ಟರೆ ಸಾಕು. ನಡುವೆ ಮೊಟ್ಟೆ ತೆಗೆದುಹಾಕಿದ್ದರೆ ಸರಾಸರಿಯನ್ನು ಹೋಲಿಸಬೇಕು. ಈ ತಕ್ಕಡಿಗೆ ಆಗುವ ಕೆಲವು ನೂರು ರೂಪಾಯಿಗಳ ವೆಚ್ಚವು, ಇಡೀ ಘಟಕದಲ್ಲಿ ಅತಿ ಹೆಚ್ಚು ಲಾಭ ತರುವ ವೆಚ್ಚ ಎಂಬುದು ನನ್ನ ಅಭಿಪ್ರಾಯ.

ತೂಕದ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಯಂತ್ರದ ಜೊತೆಗೆ ಬರುವ ಕೈಪಿಡಿ ಎಲ್ಲ ಊರುಗಳಿಗೂ ಒಂದೇ ಆಗಿರುತ್ತದೆ. ‘ನೀರಿನ ತಟ್ಟೆಯನ್ನು ಸದಾ ತುಂಬಿಡಿ’ ಎಂದು ಅದರಲ್ಲಿ ಬರೆದಿರುತ್ತದೆ. ಆದರೆ ನಮ್ಮ ರಾಜ್ಯದ ಹವೆ ಒಂದೇ ಅಲ್ಲ. ಜುಲೈ ತಿಂಗಳ ಕರಾವಳಿಯಲ್ಲಿ ಕೋಣೆಯ ಗಾಳಿ 27 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ 90 ಇದೆಯೆಂದುಕೊಳ್ಳೋಣ. ಅದೇ ಗಾಳಿ ಯಂತ್ರದೊಳಗೆ ಹೋಗಿ 37.5 ಡಿಗ್ರಿಗೆ ಬಿಸಿಯಾದಾಗ, ಒಂದು ಹನಿ ನೀರು ಸೇರಿಸದಿದ್ದರೂ ಅದರ ಸಾಪೇಕ್ಷ ಆರ್ದ್ರತೆ ಶೇ 50ರಷ್ಟಿರುತ್ತದೆ. ಮೊದಲ 18 ದಿನಗಳಿಗೆ ಬೇಕಾದುದು ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ತಟ್ಟೆಯನ್ನೂ ತುಂಬಿಟ್ಟರೆ ಮೊಟ್ಟೆಯ ನೀರು ಆವಿಯಾಗುವುದಿಲ್ಲ, ಗಾಳಿಕೋಶ ಚಿಕ್ಕದಾಗಿಯೇ ಉಳಿಯುತ್ತದೆ, ಮರಿ ಒಳಕುಟುಕಿನ ವೇಳೆಯಲ್ಲಿ ಉಸಿರಿಗೆ ಜಾಗವಿಲ್ಲದೆ ದ್ರವದಲ್ಲಿ ಮುಳುಗಿ ಸಾಯುತ್ತದೆ. ಮಾರ್ಚ್ ತಿಂಗಳ ಬಯಲುಸೀಮೆಯ ಮಧ್ಯಾಹ್ನವನ್ನು ತೆಗೆದುಕೊಳ್ಳಿ: 34 ಡಿಗ್ರಿ, ಆರ್ದ್ರತೆ ಶೇ 20. ಆ ಗಾಳಿ ಯಂತ್ರದೊಳಗೆ ಬಿಸಿಯಾದಾಗ ಆರ್ದ್ರತೆ ಶೇ 16–17ಕ್ಕೆ ಇಳಿಯುತ್ತದೆ. ಅಲ್ಲಿ ತಟ್ಟೆ ಒಣಗಿದರೆ ಮೊಟ್ಟೆಯೂ ಒಣಗುತ್ತದೆ. ಎರಡೂ ಊರುಗಳಲ್ಲಿ ಮರಿ ಸಾಯುವುದು ಕೊನೆಯ ಮೂರು ದಿನಗಳಲ್ಲಿಯೇ, ಆದರೆ ಕಾರಣಗಳು ಒಂದಕ್ಕೊಂದು ವಿರುದ್ಧ. ಈ ವ್ಯತ್ಯಾಸವನ್ನು ಕೈಪಿಡಿ ಹೇಳುವುದಿಲ್ಲ, ತಕ್ಕಡಿ ಹೇಳುತ್ತದೆ. ತೂಕ ಬೇಗ ಇಳಿಯುತ್ತಿದ್ದರೆ ನೀರು ಹೆಚ್ಚಿಸಬೇಕು, ಇಳಿಯದಿದ್ದರೆ ಕಡಿಮೆ ಮಾಡಬೇಕು.

ಮೂರನೆಯದಾಗಿ, ಅಳತೆಯ ಉಪಕರಣಗಳನ್ನೇ ಅಳೆದು ನೋಡಬೇಕು. ಅಗ್ಗದ ಯಂತ್ರಗಳ ಉಷ್ಣತಾ ಸೂಚಕ ಒಂದು ಡಿಗ್ರಿ ಹೆಚ್ಚುಕಡಿಮೆ ತೋರಿಸುವುದು ಸಾಮಾನ್ಯ. ಜ್ವರ ನೋಡುವ ಥರ್ಮಾಮೀಟರ್ ಇದೇ 37–38 ಡಿಗ್ರಿಯ ಆಸುಪಾಸಿಗೆಂದೇ ತಯಾರಾದದ್ದು. ಅದರೊಂದಿಗೆ ಹೋಲಿಸಿದರೆ ದೋಷ ತಿಳಿಯುತ್ತದೆ. ಆರ್ದ್ರತಾ ಮಾಪಕದ ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಬಾಟಲಿಯ ಬಿರಡೆಯಲ್ಲಿ ಉಪ್ಪು ತುಂಬಿ, ಕೆಸರಿನಂತಾಗುವಷ್ಟು ಮಾತ್ರ ನೀರು ಹನಿಸಿ, ಮಾಪಕದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಮಾಪಕ ಶೇ 75 ತೋರಿಸಬೇಕು. ಶೇ 68 ತೋರಿಸಿದರೆ ಅದು ಶೇ 7ರಷ್ಟು ಕಡಿಮೆ ಹೇಳುತ್ತದೆ ಎಂದು ಯಂತ್ರದ ಮೇಲೆಯೇ ಬರೆದಂಟಿಸಬೇಕು.

ಮುಚ್ಚಳ

18ನೇ ದಿನ ಮೂರು ಬದಲಾವಣೆಗಳು ಆಗಬೇಕು. ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಬೇಕು, ಏಕೆಂದರೆ ಮರಿ ತನ್ನ ಸ್ಥಾನವನ್ನು ಹಿಡಿಯುವ ಸಮಯ ಅದು. ಆರ್ದ್ರತೆಯನ್ನು ಶೇ 50–55ರಿಂದ ಶೇ 65–70ಕ್ಕೆ ಏರಿಸಬೇಕು. ಗಾಳಿಕಂಡಿಗಳನ್ನು ಪೂರ್ತಿ ತೆರೆಯಬೇಕು. ಮರಿಗಳ ಆಮ್ಲಜನಕದ ಅಗತ್ಯ ಇಡೀ 21 ದಿನಗಳಲ್ಲಿ ಅತಿ ಹೆಚ್ಚಿರುವುದು ಈಗ. ತೇವ ಹೋಗಬಾರದೆಂದು ಕಂಡಿಗಳಿಗೆ ಬಟ್ಟೆ ತುರುಕುವವರಿದ್ದಾರೆ. ಅದು ಮರಿಯ ಮೂಗಿಗೆ ಬಟ್ಟೆ ತುರುಕಿದಂತೆಯೇ ಸರಿ. ಉಷ್ಣತೆಯ ವಿಷಯದಲ್ಲಿ ಹೆಚ್ಚಿನ ಬದಲಾವಣೆ ಬೇಡ. ಪಂಖವಿರುವ ಯಂತ್ರದಲ್ಲಿ 37.5 ಡಿಗ್ರಿ ಇದ್ದುದನ್ನು 37.2ಕ್ಕೆ ಇಳಿಸಬಹುದು, ಏಕೆಂದರೆ ಮರಿಗಳು ತಾವೇ ಶಾಖವನ್ನು ಹೊರಸೂಸುತ್ತಿರುತ್ತವೆ. ಪಂಖವಿಲ್ಲದ ಪೆಟ್ಟಿಗೆಯಲ್ಲಿ ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದಾಗ ಇದಕ್ಕಿಂತ ಸುಮಾರು ಒಂದು ಡಿಗ್ರಿ ಹೆಚ್ಚಿರಬೇಕು.

ಆರ್ದ್ರತೆ ಏರಿಸುವಾಗ ನೆನಪಿಡಬೇಕಾದುದು, ತಟ್ಟೆಯ ಆಳದಿಂದ ಪ್ರಯೋಜನವಿಲ್ಲ. ನೀರಿನ ಮೇಲ್ಮೈ ವಿಸ್ತಾರವೇ ಮುಖ್ಯ. ಅಗಲವಾದ ಎರಡನೇ ತಟ್ಟೆ ಅಥವಾ ನೀರಿನಲ್ಲಿ ಅರ್ಧ ಮುಳುಗಿದ ಸ್ಪಂಜು ಸಾಕು. ಹಾಕುವ ನೀರು ಉಗುರುಬೆಚ್ಚಗಿರಬೇಕು. ಹೊರಗಿನಿಂದಲೇ ನೀರು ಹನಿಸಲು ಗಾಳಿಕಂಡಿಯ ಮೂಲಕ ಒಂದು ಸಣ್ಣ ಪ್ಲಾಸ್ಟಿಕ್ ನಳಿಗೆಯನ್ನು ತಟ್ಟೆಯವರೆಗೆ ಇಳಿಬಿಟ್ಟರೆ ಮುಂದಿನ ಮೂರು ದಿನ ಮುಚ್ಚಳ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಟ್ರೇಯ ಮೇಲೆ ವೃತ್ತಪತ್ರಿಕೆ ಹಾಸಬಾರದು. ನುಣುಪಾದ ಕಾಗದದ ಮೇಲೆ ಹೊಸ ಮರಿಯ ಕಾಲು ಎರಡು ಬದಿಗೆ ಜಾರಿ, ಆ ಮರಿ ನಡೆಯಲಾರದಂತಾಗುತ್ತದೆ. ಕುದಿಸಿ ಒಣಗಿಸಿದ ಒರಟು ಬಟ್ಟೆ ಅಥವಾ ಗೋಣಿತಾಟು ಸೂಕ್ತ.

ಇದಾದ ಮೇಲೆ ಮುಚ್ಚಳ ಮುಚ್ಚಬೇಕು, ಮುಚ್ಚಿಯೇ ಇರಬೇಕು. 28 ಡಿಗ್ರಿಯ, ಶೇ 60 ಆರ್ದ್ರತೆಯ ಕೋಣೆಯ ಗಾಳಿ ಒಳನುಗ್ಗಿ ಬಿಸಿಯಾದರೆ ಅದರ ಆರ್ದ್ರತೆ ಶೇ 35ಕ್ಕೆ ಕುಸಿಯುತ್ತದೆ. ಯಂತ್ರದ ಸೂಚಕದಲ್ಲಿ ಉಷ್ಣತೆ ಕೆಲವೇ ನಿಮಿಷಗಳಲ್ಲಿ ಮೇಲೇರುತ್ತದೆ, ಆದ್ದರಿಂದ ಏನೂ ಆಗಲಿಲ್ಲವೆಂದೇ ತೋರುತ್ತದೆ. ತೇವ ಮಾತ್ರ ಅಷ್ಟು ಬೇಗ ಹಿಂದಿರುಗುವುದಿಲ್ಲ. ಆ ಅವಧಿಯಲ್ಲಿ, ಹೊರಕುಟುಕು ಆಗಿರುವ ಮೊಟ್ಟೆಯ ಪೊರೆ ಒಣಗಿ ಚರ್ಮದಂತೆ ಬಿಗಿಯುತ್ತದೆ. ಮರಿ ತಿರುಗಲಾರದೆ, ಅರ್ಧ ತೆರೆದ ಚಿಪ್ಪಿನಲ್ಲಿಯೇ ಸಾಯುತ್ತದೆ.

ನಾನು ಕಾರ್ಯನಿರ್ವಹಿಸಿದ ಪಂಚಾಯತಿಯೊಂದರಲ್ಲಿ ಮಹಿಳಾ ಒಕ್ಕೂಟದ ಘಟಕದ ಉದ್ಘಾಟನೆಯನ್ನು ‘ಮರಿಗಳು ಹೊರಬರುವ ಶುಭದಿನ’ ಎಂದು 20ನೇ ದಿನಕ್ಕೇ ಗೊತ್ತುಪಡಿಸಲಾಗಿತ್ತು. ಗಣ್ಯರು ಬಂದರು, ಪ್ರತಿಯೊಬ್ಬರಿಗೂ ಮುಚ್ಚಳ ತೆರೆದು ತೋರಿಸಲಾಯಿತು, ಪ್ರತಿ ಬಾರಿಯೂ ಫೋಟೊ ತೆಗೆಯಲಾಯಿತು. 18ನೇ ದಿನ ಎಪ್ಪತ್ತಕ್ಕೂ ಹೆಚ್ಚು ಜೀವಂತ ಮೊಟ್ಟೆಗಳಿದ್ದವು. ಮೂವತ್ತು ಮರಿಗಳೂ ಬರಲಿಲ್ಲ. ಮುಂದಿನ ಸಭೆಯಲ್ಲಿ ಯಂತ್ರ ನಿರುಪಯುಕ್ತವೆಂದೂ, ಒಕ್ಕೂಟದಿಂದ ವಿವರಣೆ ಕೇಳಬೇಕೆಂದೂ ಪ್ರಸ್ತಾವ ಬಂತು. ಒಕ್ಕೂಟದ ಪುಸ್ತಕ ಬರಹಗಾರ್ತಿ ಉಳಿದ ಮೊಟ್ಟೆಗಳನ್ನು ಎಸೆಯದೆ ತೆಗೆದಿಟ್ಟಿದ್ದರು. ಸಭೆಗೆ ಮೊದಲೇ ಅವುಗಳನ್ನು ಹೊರಗೆ ಅಂಗಳದಲ್ಲಿ ಒಡೆದು ನೋಡಿ ಬರೆದಿಟ್ಟಿದ್ದರು. ಹೆಚ್ಚಿನವುಗಳಲ್ಲಿ ಚಿಪ್ಪು ಕುಟುಕಿದ ಗುರುತು, ಒಣಗಿ ಬಿಗಿದ ಪೊರೆ, ಪೂರ್ಣ ಬೆಳೆದ ಮರಿ. ಆ ಪುಟವನ್ನು ಓದಿದ ನಂತರ ಪ್ರಸ್ತಾವವನ್ನು ಕೈಬಿಡಲಾಯಿತು. ಉದ್ಘಾಟನೆಯನ್ನು ಮಾಡಲೇಬೇಕಾದರೆ ಮೊಟ್ಟೆ ಇಡುವ ದಿನ ಮಾಡಬಹುದು, ಇಲ್ಲವೇ ಮರಿಗಳು ಬ್ರೂಡರಿಗೆ ಬಂದ ಮೇಲೆ ಮಾಡಬಹುದು. ನಡುವೆ ಬೇಡ.

ಕಾವು ಕೂತ ಹೇಂಟೆಯನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ಕೊನೆಯ ಎರಡು ದಿನ ಅದು ಮೇವಿಗೂ ಏಳುವುದು ಅಪರೂಪ. ಕೈ ಹಾಕಿದರೆ ಕುಕ್ಕುತ್ತದೆ. ಯಂತ್ರಕ್ಕೆ ಕುಕ್ಕಲು ಬರುವುದಿಲ್ಲವಾದ್ದರಿಂದ ಮುಚ್ಚಳದ ಮೇಲೆ ‘18ರಿಂದ 21: ತೆರೆಯಬಾರದು’ ಎಂಬ ಚೀಟಿ ಅಂಟಿಸಬೇಕಾಗುತ್ತದೆ.

ವಿದ್ಯುತ್ ಮತ್ತು ಕೋಣೆ

ಪಂಚಾಯತಿಯು ನೇರವಾಗಿ ನೆರವಾಗಬಹುದಾದ ಭಾಗ ಇದು. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಕಾವಿನ ಬುಟ್ಟಿಯಲ್ಲಿ ಕಬ್ಬಿಣದ ತುಂಡು ಅಥವಾ ಇದ್ದಿಲು ಇಡುವ ರೂಢಿ ನಮ್ಮಲ್ಲಿದೆ. ಹೇಂಟೆಯ ಕೆಳಗಿನ ಮೊಟ್ಟೆಗೆ ಗುಡುಗಿನಿಂದ ಏನೂ ಆಗದು. ಯಂತ್ರದೊಳಗಿನ ಮೊಟ್ಟೆಗೆ ಮಾತ್ರ ಗುಡುಗು ನಿಜವಾಗಿಯೂ ಕೇಡು, ಏಕೆಂದರೆ ಗುಡುಗಿದೊಡನೆ ವಿದ್ಯುತ್ ಹೋಗುತ್ತದೆ.

ವಿದ್ಯುತ್ ಒಂದೆರಡು ಗಂಟೆ ಹೋದರೆ ಎಲ್ಲವೂ ನಾಶವಾಗುತ್ತದೆಂದು ಭಾವಿಸಬೇಕಿಲ್ಲ. ತುಂಬಿದ ಪೆಟ್ಟಿಗೆಯಲ್ಲಿ 18 ದಿನದ ಮರಿಗಳೇ ಒಂದಿಷ್ಟು ಶಾಖ ಕೊಡುತ್ತವೆ. ಮುಚ್ಚಳ ತೆರೆಯದೆ, ಗಾಳಿಕಂಡಿಗಳನ್ನು ಬಿಟ್ಟು ಉಳಿದ ಮೈಗೆ ಕಂಬಳಿ ಹೊದಿಸಿದರೆ ಉಷ್ಣತೆ ನಿಧಾನವಾಗಿ ಇಳಿಯುತ್ತದೆ. ಮರಿ ಬರುವುದು ಕೆಲವು ಗಂಟೆ ತಡವಾಗಬಹುದು, ಅಷ್ಟೇ. ತಂಪಿಗಿಂತ ಅತಿಶಾಖವೇ ಹೆಚ್ಚು ಅಪಾಯಕಾರಿ ಎಂಬುದನ್ನು ಮರೆಯಬಾರದು. ಪಂಖ ನಿಂತಾಗ ತಂಪಾಗುತ್ತದೆಂದು ಹೆದರಿ ಪೆಟ್ಟಿಗೆಯೊಳಗೆ ಬಿಸಿನೀರಿನ ಬಾಟಲಿ, ಕೆಂಡದ ಮಡಕೆ ಇಡುವುದರಿಂದ ಹಾನಿಯೇ ಹೆಚ್ಚು. ಕೆಂಡದ ಹೊಗೆಯಂತೂ ಸಲ್ಲದು.

ದೀರ್ಘಕಾಲದ ಕಡಿತಕ್ಕೆ ಇನ್ವರ್ಟರ್ ಬೇಕು. ಲೆಕ್ಕವನ್ನು ಸದಸ್ಯರೇ ಮಾಡಿ ನೋಡಬಹುದು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಪೂರ್ತಿ ಬರಿದು ಮಾಡಬಾರದು, ಪರಿವರ್ತನೆಯಲ್ಲಿ ಒಂದಿಷ್ಟು ನಷ್ಟವಾಗುತ್ತದೆ; ಕೈಗೆ ಸಿಗುವುದು 1,000 ಎಂದು ಹಿಡಿಯೋಣ. ಯಂತ್ರದ ಫಲಕದಲ್ಲಿ 150 ವ್ಯಾಟ್ ಎಂದಿದ್ದರೂ ಹೀಟರ್ ಸದಾ ಉರಿಯುವುದಿಲ್ಲ; ಸರಾಸರಿ ಅರ್ಧದಷ್ಟು, ಅಂದರೆ 75 ವ್ಯಾಟ್ ಎಳೆಯುತ್ತದೆಂದರೆ ಸುಮಾರು 13 ಗಂಟೆ ನಡೆಯುತ್ತದೆ. ಅದೇ ಇನ್ವರ್ಟರಿಗೆ ಟಿವಿ, ಎರಡು ಫ್ಯಾನು ಜೋಡಿಸಿದರೆ ನಾಲ್ಕೈದು ಗಂಟೆಗೆ ಇಳಿಯುತ್ತದೆ. ಆದ್ದರಿಂದ ಘಟಕದ ಇನ್ವರ್ಟರಿಗೆ ಬೇರೆ ಯಾವ ತಂತಿಯನ್ನೂ ಜೋಡಿಸಬಾರದೆಂಬ ಷರತ್ತನ್ನು ಮಂಜೂರಾತಿ ಪತ್ರದಲ್ಲಿಯೇ ಸೇರಿಸುವುದು ಒಳ್ಳೆಯದು. ನಿರ್ವಹಣೆಗಾಗಿ ವಿದ್ಯುತ್ ನಿಲ್ಲಿಸುವ ದಿನಗಳನ್ನು ಎಸ್ಕಾಂ ಉಪವಿಭಾಗದವರು ಮೊದಲೇ ಪ್ರಕಟಿಸುತ್ತಾರೆ. ಒಕ್ಕೂಟದ 18–21ನೇ ದಿನಗಳ ಪಟ್ಟಿಯನ್ನು ಪಂಚಾಯತಿಯ ವಾಟರ್‌ಮನ್ ಬಳಿಯಾದರೂ ಕೊಟ್ಟಿಟ್ಟರೆ, ಲೈನ್‌ಮನ್ ಬಂದಾಗ ವಿಷಯ ತಿಳಿಯುತ್ತದೆ.

ಕೋಣೆಯ ಬಗ್ಗೆ ಒಂದು ಮಾತು. ಈ ಯಂತ್ರಗಳಿಗೆ ಬಿಸಿ ಮಾಡಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಏಪ್ರಿಲ್–ಮೇ ತಿಂಗಳಲ್ಲಿ ತಗಡಿನ ಚಾವಣಿಯ ಮಳಿಗೆಯೊಳಗೆ ಗಾಳಿಯೇ 40 ಡಿಗ್ರಿ ದಾಟುತ್ತದೆ. ಅಲ್ಲಿ ಹೀಟರ್ ಆರಿದ್ದರೂ ಮೊಟ್ಟೆ ಬೇಯುತ್ತದೆ. ಪಂಚಾಯತಿಯ ಖಾಲಿ ಮಳಿಗೆಯನ್ನು ಕೊಡುವ ಬದಲು ಹೆಂಚಿನ ಮನೆಯ, ಬಿಸಿಲು ಬೀಳದ ಕೋಣೆಯನ್ನು ಆರಿಸುವುದು ಲೇಸು. ಇಲ್ಲವಾದರೆ ಆ ಎರಡು ತಿಂಗಳು ಮೊಟ್ಟೆ ಇಡದಿರುವುದೇ ಲಾಭ.

ಹೊರಬಂದ ಮರಿಗಳು

ಮೊದಲ ಮರಿ ಹೊರಬಂದ ಮೇಲೆ ಉಳಿದವು ಒಂದರ ಹಿಂದೊಂದು ಬರುತ್ತವೆ. ಒದ್ದೆ ಮರಿ ಯಂತ್ರದೊಳಗೇ ಒಣಗಿ ತುಪ್ಪಳ ಉಬ್ಬುವವರೆಗೆ ಬಿಡಬೇಕು. ಬಹುಪಾಲು ಮರಿಗಳು ಒಣಗಿದ ಮೇಲೆ ಒಂದೇ ಬಾರಿಗೆ ಎಲ್ಲವನ್ನೂ ತೆಗೆಯಬೇಕು. ಬ್ರೂಡರ್ ಮೊದಲೇ ಬೆಚ್ಚಗಾಗಿರಬೇಕು: ಮೊದಲ ವಾರ ಸುಮಾರು 35 ಡಿಗ್ರಿ, ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಕಡಿಮೆ. ಮೊದಲು ನೀರು, ನಂತರ ನುಣ್ಣಗೆ ಒಡೆದ ಮೆಕ್ಕೆಜೋಳ. ಮರಿಗಳು ಬಲ್ಬಿನ ಕೆಳಗೆ ಗುಂಪುಗಟ್ಟಿದರೆ ಚಳಿ, ಗೋಡೆಗೆ ಅಂಟಿಕೊಂಡರೆ ಸೆಖೆ. ಕೊಕ್ಕರೆ ರೋಗದ ಮೊದಲ ಲಸಿಕೆ ಮೊದಲ ವಾರದಲ್ಲಿಯೇ ಕಣ್ಣಿಗೆ ಹನಿಯಾಗಿ ಬೀಳಬೇಕು. ಲಸಿಕೆಯ ಸೀಸೆ ಒಡೆದರೆ ಕೂಡಲೇ ಬಳಸಬೇಕಾದುದರಿಂದ, ಪಶುಸಖಿಯು ಮೊಟ್ಟೆ ಇಟ್ಟ ದಿನವೇ ಪಶು ಆಸ್ಪತ್ರೆಗೆ ಮರಿ ಬರುವ ದಿನಾಂಕವನ್ನು ತಿಳಿಸಿದ್ದರೆ ಅನುಕೂಲ. ಗಿರಿರಾಜ, ಸ್ವರ್ಣಧಾರ, ಕಾವೇರಿಯಂತಹ ತಳಿಗಳಿರಲಿ, ಊರಿನ ನಾಟಿಯಿರಲಿ, ಇಲ್ಲಿಯವರೆಗೆ ಹೇಳಿದ್ದರಲ್ಲಿ ವ್ಯತ್ಯಾಸವಿಲ್ಲ.

ಉಳಿದ ಮೊಟ್ಟೆಗಳ ಪಂಚನಾಮೆ

22ನೇ ದಿನ ಕಳೆದರೂ ಒಡೆಯದ ಮೊಟ್ಟೆಗಳನ್ನು ತಿಪ್ಪೆಗೆ ಎಸೆಯುವ ಮೊದಲು ಒಡೆದು ನೋಡಬೇಕು. ಬಯಲಿನಲ್ಲಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ದಪ್ಪ ತುದಿಯಿಂದ ಒಡೆಯುವುದು ಕ್ರಮ, ಕೊಳೆತದ್ದು ಸಿಡಿಯಬಹುದು. ಭ್ರೂಣದ ಗುರುತೇ ಇಲ್ಲದ ಮೊಟ್ಟೆ ಫಲಿತವಾಗಿರಲಿಲ್ಲವೆಂದು ತಿಳಿಯಬಹುದು. ಅದಕ್ಕೆ ಯಂತ್ರವೂ ಸಂಘವೂ ಹೊಣೆಯಲ್ಲ. ಹುಂಜಗಳ ಸಂಖ್ಯೆ ಕಡಿಮೆಯಿರಬೇಕು ಅಥವಾ ಮೊಟ್ಟೆ ವಾರಕ್ಕಿಂತ ಹಳೆಯದಾಗಿರಬೇಕು. ರಕ್ತದ ಉಂಗುರವಿದ್ದರೆ ಮೊದಲ ವಾರದ ಸಾವು. ಸಾಗಣೆಯ ಕುಲುಕಾಟ ಅಥವಾ ಆರಂಭದ ಉಷ್ಣತೆಯ ಏರುಪೇರನ್ನು ವಿಚಾರಿಸಬೇಕು. ಮರಿ ಪೂರ್ಣ ಬೆಳೆದು, ಗಾಳಿಕೋಶ ಚಿಕ್ಕದಿದ್ದು, ಒಳಗೆ ದ್ರವ ಉಳಿದಿದ್ದರೆ 18 ದಿನಗಳಲ್ಲಿ ತೇವ ಅತಿಯಾಗಿತ್ತು. ಕೊಕ್ಕು ಗಾಳಿಕೋಶಕ್ಕೆ ಬಂದು, ಚಿಪ್ಪು ಕುಟುಕದೆ ಸತ್ತಿದ್ದರೆ ಗಾಳಿಕಂಡಿ ಮತ್ತು ವಿದ್ಯುತ್ ಕಡಿತದ ದಾಖಲೆ ನೋಡಬೇಕು. ಕುಟುಕಿದ ಮೇಲೆ ಪೊರೆ ಒಣಗಿ ಸತ್ತಿದ್ದರೆ ಮುಚ್ಚಳ ತೆರೆದವರು ಯಾರೆಂದು ಕೇಳಬೇಕು. ಕೊಕ್ಕು ಮೊನಚು ತುದಿಯ ಕಡೆಗಿದ್ದರೆ ಮೊಟ್ಟೆಯನ್ನು ಟ್ರೇಯಲ್ಲಿ ತಲೆಕೆಳಗಾಗಿ ಇಟ್ಟಿರುವ ಸಾಧ್ಯತೆ ಇದೆ. ದಪ್ಪ ತುದಿ ಮೇಲಿರಬೇಕು. ಇನ್ನು ಎಲ್ಲ ಮರಿಗಳೂ 20ನೇ ದಿನ ಬೆಳಗ್ಗೆಯೇ ಬಂದು ಹೊಕ್ಕುಳು ಹಸಿಯಾಗಿದ್ದರೆ ಉಷ್ಣತೆ ಹೆಚ್ಚಿತ್ತು, 22ಕ್ಕೆ ಎಳೆದರೆ ಕಡಿಮೆಯಿತ್ತು.

ಸಭೆಗೆ ಬರುವ ವರದಿಯಲ್ಲಿ ಶೇಕಡಾವಾರು ಲೆಕ್ಕವನ್ನು ಎರಡು ಬಗೆಯಲ್ಲಿ ಕೇಳಬೇಕು. ಉದಾಹರಣೆಗೆ 100 ಮೊಟ್ಟೆ ಇಟ್ಟು, ಏಳನೇ ದಿನದ ದೀಪದ ಪರೀಕ್ಷೆಯಲ್ಲಿ 80 ಫಲಿತವೆಂದು ಕಂಡು, 60 ಮರಿ ಬಂದವು ಎನ್ನೋಣ. ಇಟ್ಟ ಮೊಟ್ಟೆಯ ಮೇಲೆ ಶೇ 60, ಫಲಿತ ಮೊಟ್ಟೆಯ ಮೇಲೆ ಶೇ 75. ಯಂತ್ರವನ್ನೂ ಅದನ್ನು ನಡೆಸಿದವರನ್ನೂ ಅಳೆಯಬೇಕಾದುದು ಎರಡನೆಯ ಸಂಖ್ಯೆಯಿಂದ. ಸಣ್ಣ ಯಂತ್ರಕ್ಕೆ ಶೇ 75 ತೃಪ್ತಿಕರವೆಂದೇ ನಾನು ಭಾವಿಸುತ್ತೇನೆ. ಮೊದಲ ಸಂಖ್ಯೆ ಮೊಟ್ಟೆ ಕೊಟ್ಟ ಮನೆಯ ಕೋಳಿಗಳ ಬಗ್ಗೆ ಹೇಳುತ್ತದೆ. ಯಂತ್ರವನ್ನು ನಿರುಪಯುಕ್ತವೆಂದು ಘೋಷಿಸುವ ಯಾವುದೇ ನಡವಳಿಗೆ ಸಹಿ ಹಾಕುವ ಮೊದಲು ಸಂಬಂಧಿಸಿದ ಸ್ಥಾಯಿ ಸಮಿತಿಯ ಸದಸ್ಯರು ತೂಕದ ಪುಟ, ವಿದ್ಯುತ್ ಕಡಿತದ ಪುಟ ಮತ್ತು ಒಡೆದು ನೋಡಿದ ಪುಟ, ಈ ಮೂರನ್ನೂ ತರಿಸಿಕೊಂಡು ಓದತಕ್ಕದ್ದು. ಪುಟಗಳೇ ಇಲ್ಲವಾದರೆ ಇನ್ನೊಂದು ಸರದಿಗೆ ಅವಕಾಶ ಕೊಟ್ಟು, ಪುಟಗಳೊಂದಿಗೆ ಬರುವಂತೆ ಸೂಚಿಸಬಹುದು.

ಒಡೆದ ಚಿಪ್ಪು, ಸತ್ತ ಭ್ರೂಣಗಳನ್ನು ನಾಯಿ, ಕಾಗೆಗಳಿಗೆ ಸಿಗದಂತೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಯಂತ್ರದೊಳಗೆ ಉಳಿದ ತುಪ್ಪಳದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಟ್ರೇ ಮತ್ತು ತಟ್ಟೆಗಳನ್ನು ಸೋಂಕುನಿವಾರಕದಿಂದ ತೊಳೆದು ಬಿಸಿಲಿಗಿಟ್ಟು, ಪೆಟ್ಟಿಗೆಯನ್ನು ಖಾಲಿಯಾಗಿಯೇ ಒಂದು ದಿನ ನಡೆಸಿ ಉಷ್ಣತೆ ಸ್ಥಿರವಾಗಿದೆಯೆಂದು ಕಂಡ ಮೇಲೆ ಮುಂದಿನ ಸರದಿಯ ಮೊಟ್ಟೆಗಳನ್ನು ಇಡಬಹುದು.